ಕ್ರಾಂತಿಯ ಪಾಠದಲ್ಲಿ ಕಾಫಿ ಗೋದಾಮು

ಪದವಿ ತರಗತಿಯಲ್ಲಿ ಅಮೆರಿಕದ ಕ್ರಾಂತಿಯನ್ನು ಪಾಠ ಮಾಡುವಾಗ ನಾನು ಕದನಗಳನ್ನು ಬೇಗ ಮುಗಿಸಿ ಪೇಟೆಗೆ ಬರುತ್ತೇನೆ. ಯುದ್ಧ ಯಾರ ಮನೆ ಬರಿದು ಮಾಡಿತು, ಯಾರ ಮನೆ ತುಂಬಿತು ಎಂಬುದು ಕಾಣುವುದು ಅಲ್ಲಿಯೇ.

ಮೊದಲು ಹಣದ ವಿಚಾರ. ಬ್ರಿಟನ್ ವಿರುದ್ಧ ಬಂಡೆದ್ದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಅಚ್ಚು ಹಾಕಿಸಿದ ಕಾಗದದ ಡಾಲರ್ ಎಷ್ಟು ಕುಸಿಯಿತೆಂದರೆ, 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ದರ ಕಟ್ಟಿತು. ಸಂಬಳ ನಂಬಿದ ಸಿಪಾಯಿ ಮುಳುಗಿದ, ಸರಕು ಕೈಯಲ್ಲಿದ್ದವನು ಮೇಲೆದ್ದ. ಬ್ರಿಟಿಷ್ ಹಡಗುಗಳನ್ನು ಹಿಡಿದು ಸರಕು ಮಾರಿಕೊಳ್ಳಲು ಖಾಸಗಿ ನೌಕೆಗಳಿಗೆ ಪರವಾನಗಿಯೂ ಇತ್ತು.

ಆಮೇಲೆ ಆ ಕಾಲದವರ ಪತ್ರಗಳನ್ನು ಓದಿಸುತ್ತೇನೆ. ಇವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1778ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಿಂದ ಬರೆದ ಸೇನಾಪತಿ ವಾಷಿಂಗ್ಟನ್ ಕುದಿಯುತ್ತಿದ್ದಾರೆ: ಇಲ್ಲಿ ಮುನ್ನೂರು ನಾನೂರು ಪೌಂಡ್ ಖರ್ಚಿನ ಔತಣಗಳು, ಅಲ್ಲಿ ಗತಿಯಿಲ್ಲದೆ ಸೇನೆ ಬಿಡುತ್ತಿರುವ ಅಧಿಕಾರಿಗಳು. ಮರುವರ್ಷ ಜೂನ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಕ್ರಾಂತಿಕಾರಿ ಮುಖಂಡ ಜೇಮ್ಸ್ ವಾರನ್, ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್‌ಗೆ ಬರೆದ ಮಾತು ಇನ್ನೂ ಖಾರ. ಐದು ವರ್ಷದ ಹಿಂದೆ ನನ್ನ ಬೂಟು ಒರೆಸುತ್ತಿದ್ದಂಥವರು ಈಗ ಸಾರೋಟಿನಲ್ಲಿ ಓಡಾಡುತ್ತಿದ್ದಾರೆ ಎನ್ನುತ್ತಾರೆ ಅವರು. ವಿದ್ಯಾರ್ಥಿಗಳು ಕೂಡಲೇ ವಾರನ್ ಪಕ್ಷ ವಹಿಸುತ್ತಾರೆ. ಇದೇ ವಾರನ್ 1781ರಲ್ಲಿ, ದೇಶ ಬಿಟ್ಟುಹೋದ ಬ್ರಿಟಿಷ್ ಪಕ್ಷದ ಗವರ್ನರ್ ಹಚಿನ್ಸನ್‌ರ, ಬಾಸ್ಟನ್ ಬಳಿಯ ಮಿಲ್ಟನ್‌ನಲ್ಲಿದ್ದ ಬಂಗಲೆಯನ್ನು ಕೊಂಡರೆಂದು ಆಗ ಹೇಳುತ್ತೇನೆ.

ಜಾನ್ ಆಡಮ್ಸ್‌ರ ಹೆಂಡತಿ ಅಬಿಗೇಲ್‌ರ 1777ರ ಜುಲೈ ಪತ್ರವನ್ನು ಮಾತ್ರ ಗಟ್ಟಿಯಾಗಿ ಓದಿಸಲೇಬೇಕು. ಬಾಸ್ಟನ್ನಿನ ಹಳೆಯ ಸಿರಿವಂತ ವರ್ತಕ ಥಾಮಸ್ ಬಾಯ್ಲ್‌ಸ್ಟನ್ ಒಂದು ಪೌಂಡ್ ತೂಕಕ್ಕೆ ಆರು ಶಿಲ್ಲಿಂಗ್‌ಗಿಂತ ಕಡಿಮೆಗೆ ಕಾಫಿ ಕೊಡಲೊಲ್ಲ. ನೂರು, ಕೆಲವರ ಪ್ರಕಾರ ಇನ್ನೂ ಹೆಚ್ಚು ಹೆಂಗಸರು ಗಾಡಿಗಳೊಂದಿಗೆ ಗೋದಾಮಿಗೆ ಬಂದು ಕೀಲಿಕೈ ಕೇಳಿದರು. ಕೊಡಲಿಲ್ಲ. ಒಬ್ಬಳು ಕುತ್ತಿಗೆ ಹಿಡಿದು ಅವನನ್ನು ಗಾಡಿಗೆ ಎಸೆದಳು. ಕೀಲಿಕೈ ಕೊಟ್ಟ ಮೇಲೆ ಗಾಡಿ ಮಗುಚಿ ಅವನನ್ನು ಕೆಳಗೆ ಸುರಿದು, ಕಾಫಿಯನ್ನು ಎತ್ತಿ ಹೇರಿಕೊಂಡು ಹೊರಟರು. ಗಂಡಸರು ಬೆಪ್ಪಾಗಿ ನೋಡುತ್ತ ನಿಂತಿದ್ದರು!

ಮುಂದೆ ಅಬಿಗೇಲ್ ಕೂಡ ವ್ಯಾಪಾರಕ್ಕಿಳಿದರು. ಗಂಡ ಯುರೋಪಿನಿಂದ ಕಳುಹಿಸಿದ ಕರವಸ್ತ್ರ, ಬಟ್ಟೆಬರೆಗಳನ್ನು ಲಾಭಕ್ಕೆ ಮಾರಿ ಸಂಸಾರ ನಡೆಸಿದರು. ಹಾಗಾದರೆ ಇವರೂ ಬಾಯ್ಲ್‌ಸ್ಟನ್ನೂ ಒಂದೇ ಅಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾನು ಒಪ್ಪುವುದಿಲ್ಲ. ಆಕೆ ಊರಿನಲ್ಲಿ ಸಿಗದ ಸರಕನ್ನು ತರಿಸಿ ಮಾರಿದರು, ಆತ ಊರಿನಲ್ಲಿದ್ದ ಸರಕಿಗೆ ಬೀಗ ಹಾಕಿದ್ದ. ಒಪ್ಪದವರಿಗೆ, ಪತ್ರದ ಸಾಲು ತೋರಿಸಿ ವಾದಿಸಿ ಎನ್ನುತ್ತೇನೆ.