ಮೊದಲು ಡೆಕ್ಸಾ, ಆಮೇಲೆ ಸೆಫ್ಟ್ರಿಯಾಕ್ಸೋನ್

ಮಕ್ಕಳ ವಾರ್ಡಿಗೆ ನಾನು ಸೇರಿದ ಹೊಸತು. ಒಂದು ರಾತ್ರಿ ಒಂದೂವರೆ ವರ್ಷದ ಹುಡುಗಿಯನ್ನು ಕರೆತಂದರು. ಮೂರು ದಿನದಿಂದ ಜ್ವರ, ವಾಂತಿ, ದಾರಿಯಲ್ಲೇ ಫಿಟ್ಸ್. ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆದರೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ತಗುಲಿ ಊದಿಕೊಳ್ಳುವ ಕಾಯಿಲೆ. ತಕ್ಷಣ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಟ್ಟೆ. ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ (ಡೆಕ್ಸಾ) ವಿಚಾರ ಲ್ಯಾಬ್ ರಿಪೋರ್ಟ್ ಬಂದ ಮೇಲೆ ನೋಡೋಣ ಎಂದುಕೊಂಡೆ. ರಿಪೋರ್ಟ್ ಬಂದದ್ದು ಮರುದಿನ: ಹಿಬ್ (ಹಿಮೋಫಿಲಸ್ ಇನ್ಫ್ಲುಯೆಂಜಾ ಬಿ) ಎಂಬ ಬ್ಯಾಕ್ಟೀರಿಯಾ. ಆಗ ಡೆಕ್ಸಾ ಶುರು ಮಾಡಿದೆ.

ಮಗು ಉಳಿಯಿತು. ಆದರೆ ಹತ್ತನೇ ದಿನ ಅದರ ಅಜ್ಜಿ ನನ್ನನ್ನು ಕರೆದು, "ಡಾಕ್ಟ್ರೇ, ಹಿಂದಿನಿಂದ ಕೂಗಿದ್ರೆ ಇವಳು ತಿರುಗೋದೇ ಇಲ್ಲ" ಅಂದರು. ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಹೋಗಿದ್ದವು. ಡೆಕ್ಸಾ ಮೊದಲೇ ಕೊಟ್ಟಿದ್ದರೆ ಕಿವಿ ಉಳಿಯುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ. ಆಸ್ಪತ್ರೆಗೆ ಬರುವ ಹೊತ್ತಿಗೇ ಕಿವಿ ಕೆಟ್ಟಿರುವುದೂ ಉಂಟು. ಆದರೆ ಆ ರಾತ್ರಿ ನಾನು ಔಷಧಿ ಕೊಟ್ಟ ಕ್ರಮ ತಪ್ಪಾಗಿತ್ತು.

ಬ್ಯಾಕ್ಟೀರಿಯಾ ಸತ್ತರೆ ಊತ ಇಳಿಯಬೇಕು, ಅಲ್ವಾ? ಮೊದಲ ಕೆಲವು ಗಂಟೆ ಹಾಗಾಗುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಬ್ಯಾಕ್ಟೀರಿಯಾಗೆ ಗೋಡೆ ಕಟ್ಟಲು ಬಿಡುವುದಿಲ್ಲ. ಅದು ಒಡೆದು ಹೋಗುತ್ತದೆ. ಗೋಡೆಯ ಚೂರುಗಳು ಬೆನ್ನಿನ ನೀರಿಗೆ ಸೇರುತ್ತವೆ. ಹಿಬ್ ಆದರೆ ಎಂಡೋಟಾಕ್ಸಿನ್, ನ್ಯೂಮೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ನ್ಯೂಮೋಲೈಸಿನ್ ಎಂಬ ವಿಷವೂ ಜೊತೆಗೆ. ಇವು ತಾಗಿದ ಜೀವಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನ್‌ಗಳನ್ನು ಸುರಿಸುತ್ತವೆ. ಬಿಳಿ ರಕ್ತಕಣಗಳು ನುಗ್ಗುತ್ತವೆ, ರಕ್ತನಾಳಗಳು ಸೋರುತ್ತವೆ, ಮೆದುಳು ಊದಿಕೊಳ್ಳುತ್ತದೆ. ಒಳಗಿವಿಗೂ ಈ ನೀರಿಗೂ ಸಣ್ಣ ಕಾಲುವೆಯಂಥ ದಾರಿಯಿದೆ. ಊತ ಅಲ್ಲಿಗೂ ಇಳಿಯುತ್ತದೆ.

ಹಾಗಂತ ಆಂಟಿಬಯಾಟಿಕ್ ತಡ ಮಾಡುವಂತಿಲ್ಲ, ಅದಿಲ್ಲದೆ ಮಗು ಉಳಿಯುವುದಿಲ್ಲ. ಡೆಕ್ಸಾ ಆ ಪ್ರೋಟೀನ್‌ಗಳು ತಯಾರಾಗುವುದನ್ನೇ ತಡೆಯುತ್ತದೆ. ತಯಾರಾಗಿ ಹೊರಬಂದ ಮೇಲೆ ಕೊಟ್ಟರೆ ಅಷ್ಟು ಉಪಯೋಗವಿಲ್ಲ. ಅದಕ್ಕೇ ಮೊದಲು, ಇಲ್ಲವೇ ಜೊತೆಯಲ್ಲೇ.

ನಾನು ಮಾಡಿದ ಬದಲಾವಣೆ ತುಂಬ ಸಣ್ಣದು. ವಾರ್ಡಿನ ಸಿಸ್ಟರ್ ಜೊತೆ ಕೂತು, ಸೆಫ್ಟ್ರಿಯಾಕ್ಸೋನ್ ಇಡುವ ಟ್ರೇಯಲ್ಲೇ ಡೆಕ್ಸಾ ವಯಲ್ ಇಡಿಸಿದೆ. ಪಕ್ಕದಲ್ಲಿ ತೂಕದ ಲೆಕ್ಕದ ಚೀಟಿ ಅಂಟಿಸಿದೆವು: ಡೆಕ್ಸಾ ಕಿಲೋಗೆ 0.15 ಮಿಲಿಗ್ರಾಂ, 6 ಗಂಟೆಗೊಮ್ಮೆ. ರಾತ್ರಿ ಪಾಳಿಯಲ್ಲಿ ಯಾರೇ ಇರಲಿ, ಎರಡೂ ಒಟ್ಟಿಗೇ ಕೈಗೆ ಸಿಗಬೇಕು. ಬೆನ್ನಿನ ನೀರು ತೆಗೆಯಲು ತಡವಾಗುವಂತಿದ್ದರೆ ಕಾಯುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದುಕೊಂಡು ಎರಡೂ ಕೊಟ್ಟುಬಿಡುತ್ತೇವೆ.

ಇದು ಎಲ್ಲರಿಗೂ ಒಂದೇ ತರಹ ಫಲ ಕೊಡುವುದಿಲ್ಲ. ಯುರೋಪಿನಲ್ಲಿ 301 ವಯಸ್ಕರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡೆಕ್ಸಾ ಪಡೆದವರಲ್ಲಿ ಸಾವು ಶೇ. 15ರಿಂದ 7ಕ್ಕೆ ಇಳಿದಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಫ್ರಿಕಾದ ಮಲಾವಿಯ ಮಕ್ಕಳಲ್ಲಿ ಏನೂ ಲಾಭ ಕಾಣಲಿಲ್ಲ. ಅಲ್ಲಿ ಎಷ್ಟೋ ಮಕ್ಕಳು ತಡವಾಗಿ ಬಂದಿದ್ದರು, ಎಚ್‌ಐವಿಯೂ ಜಾಸ್ತಿ ಇತ್ತು. ನವಜಾತ ಶಿಶುಗಳಿಗೆ ನಾನು ಡೆಕ್ಸಾ ಕೊಡುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ಊತ ಇಳಿದರೆ ವ್ಯಾಂಕೋಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬೆನ್ನಿನ ನೀರಿಗೆ ಹೋಗುವುದೂ ಕಮ್ಮಿಯಾಗುತ್ತದೆ. ಮದ್ದಿಗೆ ಬಗ್ಗದ ನ್ಯೂಮೋಕಾಕಸ್ ಅನುಮಾನವಿದ್ದರೆ ವ್ಯಾಂಕೋಮೈಸಿನ್ ಡೋಸ್ ಪೂರ್ತಿ ಕೊಡುತ್ತೇನೆ, ಮಗು ಸುಧಾರಿಸದಿದ್ದರೆ ಮತ್ತೆ ನೀರು ತೆಗೆದು ನೋಡುತ್ತೇನೆ. ಡೆಕ್ಸಾದಿಂದ ಜ್ವರ ಬೇಗ ಇಳಿಯುವುದರಿಂದ ಬರೀ ಥರ್ಮಾಮೀಟರ್ ನಂಬಿ ಕೂರುವಂತಿಲ್ಲ.

ಟ್ರೇ ಬದಲಾದ ಮೇಲೂ ಕಿವಿ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಕಿವಿ ಪರೀಕ್ಷೆಯ ತಾರೀಖು ಬರೆಯದೆ ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕುವುದಿಲ್ಲ. ಊತ ಬಂದು ಹೋದ ಒಳಗಿವಿಯಲ್ಲಿ ಕೆಲವೊಮ್ಮೆ ಮೂಳೆ ಬೆಳೆದು ತುಂಬಿಕೊಳ್ಳುತ್ತದೆ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸುವಂತೆ ಮಾಡಲು ಒಳಗಿವಿಗೆ ಅಳವಡಿಸುವ ಸಾಧನ) ಕೂರಿಸುವುದು ಕಷ್ಟ. "ಮಾತಾಡೋ ವಯಸ್ಸು ಬರಲಿ, ಆಮೇಲೆ ತೋರಿಸ್ತೀವಿ" ಅನ್ನುವ ತಂದೆತಾಯಿಗೆ ಇದನ್ನು ಕೂತು ಬಿಡಿಸಿ ಹೇಳುತ್ತೇನೆ.