ಫ್ಯಾನು ತಿರುಗಿಸುವ ಕೆಲಸ: ಟೈಗರ್ ಮಾತ್ ಜೊತೆ ನನ್ನ ಶನಿವಾರಗಳು

"ಅಷ್ಟೆಲ್ಲ ಓದಿ ಇಂಗ್ಲೆಂಡಿಗೆ ಹೋಗಿ, ಕೊನೆಗೆ ವಿಮಾನದ ಫ್ಯಾನು ತಿರುಗಿಸೋ ಕೆಲಸ ಹಿಡಿದೆಯೇನೋ?"

ವಿಡಿಯೊ ಕಾಲ್‌ನಲ್ಲಿ ಅಪ್ಪ ಕೇಳಿದ್ದು. ತಮಾಷೆಗೇ ಕೇಳಿದರು, ಆದರೆ ಕೆಲಸದ ವಿವರಣೆ ಸರಿಯಾಗೇ ಇತ್ತು. ವಾರದಲ್ಲಿ ಐದು ದಿನ ನಾನು ಸಾಫ್ಟ್‌ವೇರ್‌ನವನು. ಶನಿವಾರ ಮಾತ್ರ ಕೇಂಬ್ರಿಡ್ಜ್‌ಶೈರ್‌ನ ಒಂದು ಹುಲ್ಲಿನ ರನ್‌ವೇ ಪಕ್ಕದ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ಟೈಗರ್ ಮಾತ್ ವಿಮಾನ ಇದೆ. ಅದರ ಎಂಜಿನ್ ಸ್ಟಾರ್ಟ್ ಮಾಡುವವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಚಹಾ ಉಂಟು.

ಟೈಗರ್ ಮಾತ್ ಅಂದರೆ ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 82. ಮೇಲೊಂದು ಕೆಳಗೊಂದು ರೆಕ್ಕೆ, ಮರ ಮತ್ತು ಸ್ಟೀಲ್ ಪೈಪಿನ ಹಂದರ, ಅದರ ಮೇಲೆ ಬಿಗಿದ ಬಟ್ಟೆ. ಮೊದಲು ಹಾರಿದ್ದು 1931ರಲ್ಲಿ. ಯುದ್ಧದ ಹೊತ್ತಿಗೆ ಪೈಲಟ್ ಆಗುವ ಹುಡುಗರಿಗೆ ಇದೇ ಒಂದನೇ ಕ್ಲಾಸು. ಕಾರು ಮಾಡುತ್ತಿದ್ದ ಮಾರಿಸ್ ಮೋಟರ್ಸ್ ಕೂಡ ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಇವನ್ನು ಸಾವಿರಗಟ್ಟಲೆ ಮಾಡಿತು. ಭಾರತದಲ್ಲೂ ಬೇಗಂಪೇಟೆ, ಜೋಧಪುರದ ಶಾಲೆಗಳಲ್ಲಿ ಇದರಲ್ಲೇ ಕಲಿಸುತ್ತಿದ್ದರು. ಆಮೇಲೆ ನಮ್ಮ ವಾಯುಪಡೆಯಲ್ಲಿ ಇದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್ ಮಾಡಿದ ಎಚ್‌ಟಿ-2. ಇಷ್ಟು ಹೇಳಿದ ಮೇಲೆ ಅಪ್ಪನಿಗೆ ಸ್ವಲ್ಪ ಗೌರವ ಬಂತು.

ಇದರಲ್ಲಿ ಸೆಲ್ಫ್ ಸ್ಟಾರ್ಟರ್ ಇಲ್ಲ. ಬ್ರೇಕೂ ಇಲ್ಲ. ಚಕ್ರದ ಮುಂದೆ ಚಾಕ್, ಅಂದರೆ ಉರುಳದಂತೆ ತಡೆಯುವ ಮರದ ತುಂಡು, ಇಟ್ಟಿದ್ದರೆ ನಿಂತಿರುತ್ತದೆ, ಇಲ್ಲದಿದ್ದರೆ ಹೊರಟುಬಿಡುತ್ತದೆ. ಪ್ರೊಪೆಲ್ಲರನ್ನು ಒಬ್ಬ ಮನುಷ್ಯ ಕೈಯಲ್ಲಿ ತಿರುಗಿಸಿದರೇ ಎಂಜಿನ್ ಶುರು.

ಎಂಜಿನ್ ಹೆಸರು ಜಿಪ್ಸಿ ಮೇಜರ್. ಸಾಲಾಗಿ ನಾಲ್ಕು ಸಿಲಿಂಡರ್, 6.1 ಲೀಟರ್, 130 ಎಚ್‌ಪಿ. ಅಷ್ಟು ದೊಡ್ಡ ಎಂಜಿನ್ನಿಗೆ ಬರೀ 130 ಎಚ್‌ಪಿನಾ ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ನಿಮಿಷಕ್ಕೆ ಎರಡು ಸಾವಿರ ಚಿಲ್ಲರೆ ಸುತ್ತಿನಲ್ಲೇ ಅದರ ಕೆಲಸವೆಲ್ಲ ಮುಗಿಯುತ್ತದೆ, ಪಾಪ ಅದಕ್ಕೆ ಅವಸರ ಇಲ್ಲ. ವಿಶೇಷ ಏನೆಂದರೆ ಇದನ್ನು ತಲೆಕೆಳಗಾಗಿ ಕೂರಿಸಿದ್ದಾರೆ. ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರ್ ತಲೆಗಳು ಕೆಳಗೆ. ಹಾಗೆ ಮಾಡಿದ್ದರಿಂದ ಪ್ರೊಪೆಲ್ಲರ್ ನೆಲದಿಂದ ಎತ್ತರಕ್ಕೆ ಬಂತು, ಪೈಲಟ್‌ಗೆ ಮುಂದೆ ಕಾಣುವುದೂ ಸುಲಭವಾಯಿತು. ತೊಂದರೆ ನಮಗೆ. ರಾತ್ರಿಯಿಡೀ ಎಂಜಿನ್ ಆಯಿಲ್ ಪಿಸ್ಟನ್ ರಿಂಗ್ ದಾಟಿ ನಿಧಾನಕ್ಕೆ ಇಳಿದು ಸಿಲಿಂಡರ್ ತಲೆಯಲ್ಲಿ ನಿಲ್ಲುತ್ತದೆ.

ಹಾಗಾಗಿ ಬೆಳಿಗ್ಗೆ ಮೊದಲ ಕೆಲಸ ಸ್ಟಾರ್ಟ್ ಮಾಡುವುದಲ್ಲ, ಸುಮ್ನೆ ತಿರುಗಿಸುವುದು. ಸ್ವಿಚ್ ಆಫ್, ಪೆಟ್ರೋಲ್ ಆಫ್, ಚಾಕ್ ಭದ್ರ. ಆಮೇಲೆ ಪ್ರೊಪೆಲ್ಲರ್ ಹಿಡಿದು ನಿಧಾನವಾಗಿ ಎರಡು ಪೂರ್ತಿ ಸುತ್ತು. ಬ್ಲೇಡ್ ಎರಡು, ಸಿಲಿಂಡರ್ ನಾಲ್ಕು, ಹಾಗಾಗಿ ಅರ್ಧರ್ಧ ಸುತ್ತಿಗೆ ಒಂದೊಂದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಿಗಿ, ಕೈಗೆ ತಾಗುತ್ತದೆ. ನಾಲ್ಕೂ ಒಂದೇ ಥರ ಬಿಗಿಯಾಗಿರಬೇಕು. ಒಂದು ಸಡಿಲ ಅನ್ನಿಸಿದರೆ ವಾಲ್ವ್ ನೋಡಬೇಕು. ಒಂದು ಕಲ್ಲಿನ ಹಾಗೆ ನಿಂತುಬಿಟ್ಟರೆ ಅಲ್ಲಿ ಆಯಿಲ್ ತುಂಬಿದೆ ಅಂತ ಅರ್ಥ. ಆಗ ಪೌರುಷ ತೋರಿಸಬಾರದು. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತೋಕಾಗಲ್ಲ. ಜೋರು ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೆಳಗೆ ಟ್ರೇ ಹಿಡಿದು, ಆಯಿಲ್ ಹೊರಗೆ ಬಿಡಬೇಕು. ಚಳಿಗಾಲದಲ್ಲಿ ಎರಡು ವಾರ ನಿಲ್ಲಿಸಿದ್ದಾಗ ಒಮ್ಮೆ ಹೀಗಾಯಿತು. ಅರ್ಧ ದಿನ ಹೋಯಿತು, ಮೈಮೇಲಿನ ಬಾಯ್ಲರ್ ಸೂಟೂ (ಕೆಲಸದ ಬಟ್ಟೆ) ಹೋಯಿತು.

ಈಗ ಸ್ವಿಚ್ಚಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ಈ ಎಂಜಿನ್ನಿಗೆ ಕಿಡಿ ಕೊಡುವುದು ಎರಡು ಮ್ಯಾಗ್ನೆಟೊ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಪ್ರತಿ ಸಿಲಿಂಡರ್‌ಗೂ ಎರಡೆರಡು ಪ್ಲಗ್. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ, ತಿರುಗಿಸಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಹಾಗಿದ್ದರೆ ಸ್ವಿಚ್ ಏನು ಮಾಡುತ್ತದೆ? ಆಫ್ ಮಾಡಿದಾಗ ಮ್ಯಾಗ್ನೆಟೊದ ಕರೆಂಟನ್ನು ಅರ್ಥ್‌ಗೆ ಹಾದಿ ತಪ್ಪಿಸುತ್ತದೆ, ಅಷ್ಟೇ. ಮನೆಯ ಸ್ವಿಚ್ಚಿನಲ್ಲಿ ವೈರು ಕಡಿದರೆ ದೀಪ ಆರುತ್ತದೆ. ಇಲ್ಲಿ ವೈರು ಕಡಿದರೆ ಮ್ಯಾಗ್ನೆಟೊ ಆನ್ ಆಗೇ ಉಳಿಯುತ್ತದೆ, ಸ್ವಿಚ್ ಆಫ್ ಅಂತ ತೋರಿಸುತ್ತಿದ್ದರೂ.

ಟೈಗರ್ ಮಾತ್‌ನ ಸ್ವಿಚ್‌ಗಳನ್ನು ಕಾಕ್‌ಪಿಟ್ ಹೊರಗೆ, ಮೈಮೇಲೇ ಇಟ್ಟಿದ್ದಾರೆ. ಮೇಲಕ್ಕೆ ಎತ್ತಿದರೆ ಆನ್, ಕೆಳಕ್ಕೆ ಒತ್ತಿದರೆ ಆಫ್. ಪ್ರೊಪೆಲ್ಲರ್ ಹತ್ತಿರ ನಿಂತವನ ಕಣ್ಣಿಗೂ ಕಾಣಲಿ ಅಂತ. ಆ ಜಾಗ ಯೋಚಿಸಿದವರಿಗೆ ನನ್ನದೊಂದು ನಮಸ್ಕಾರ.

ಮ್ಯಾಗ್ನೆಟೊಗೆ ಇಂಪಲ್ಸ್ ಅಂತ ಒಂದು ಸ್ಪ್ರಿಂಗ್ ಜೋಡಣೆಯೂ ಇದೆ. ಕೈಯಲ್ಲಿ ತಿರುಗಿಸುವ ವೇಗ ಒಳ್ಳೆ ಕಿಡಿಗೆ ಸಾಲದು. ಸ್ಪ್ರಿಂಗ್ ಬಿಗಿಯಾಗುತ್ತ ಹೋಗಿ, ತಡೆದು, ಸರಿಯಾದ ಗಳಿಗೆಯಲ್ಲಿ ಪಟ್ಟನೆ ಬಿಡುತ್ತದೆ. 'ಟಕ್' ಅನ್ನುವ ಸದ್ದು. ಆ ಸದ್ದು ಕೇಳಿಸಿದಲ್ಲಿ ಕಿಡಿ ಹಾರುತ್ತದೆ. ನಿಧಾನವಾಗಿ ತಿರುಗಿಸಿದರೂ ಹಾರುತ್ತದೆ, ಇದು ನೆನಪಿರಲಿ.

ಪೆಟ್ರೋಲ್ ಟ್ಯಾಂಕ್ ಮೇಲಿನ ರೆಕ್ಕೆಯ ನಡುವೆ, ಸುಮಾರು 86 ಲೀಟರ್ ಹಿಡಿಯುತ್ತದೆ. ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎಂಜಿನ್ ತಣ್ಣಗಿದ್ದರೆ ಕಾರ್ಬುರೇಟರನ್ನು ಟಿಕ್ಲ್ ಮಾಡಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮೈಸೂರಿನಲ್ಲಿ ಅಪ್ಪನ ಹತ್ತಿರ ಯೆಜ್ಡಿ ಇತ್ತು, ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದ ಊರಲ್ಲವಾ. ಬೆಳಿಗ್ಗೆ ಕಾರ್ಬುರೇಟರ್ ಮೇಲಿನ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸುವುದು ನನ್ನ ಡ್ಯೂಟಿ. ಇಲ್ಲೂ ಅದೇ. ಎಂಜಿನ್ ಮುಚ್ಚಳ ತೆರೆದು, ಟಿಕ್ಲರ್ ಎಳೆದು ಹಿಡಿದು, ಕೆಳಗೆ ಹುಲ್ಲಿನ ಮೇಲೆ ತೊಟಕ್ ತೊಟಕ್ ಅಂತ ಪೆಟ್ರೋಲ್ ಬೀಳುವವರೆಗೆ ಕಾಯುವುದು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇವೆ. ಬಿಸಿ ಎಂಜಿನ್ನಿಗೆ ಇದನ್ನು ಮಾಡಬಾರದು, ಜಾಸ್ತಿ ಕುಡಿದು ಕೂತುಬಿಡುತ್ತದೆ.

ಆಮೇಲೆ ಮುಂದೆ ನಿಂತ ನಾನು ಕೂಗುತ್ತೇನೆ: "ಫ್ಯುಯೆಲ್ ಆನ್, ಸ್ವಿಚಸ್ ಆಫ್, ಥ್ರಾಟಲ್ ಕ್ಲೋಸ್ಡ್!" ಥ್ರಾಟಲ್ ಅಂದರೆ ಎಂಜಿನ್ನಿನ ಆಕ್ಸಿಲರೇಟರ್. ಕಾಕ್‌ಪಿಟ್‌ನಲ್ಲಿ ಕೂತವರು ಒಂದೊಂದನ್ನೂ ಮುಟ್ಟಿ ನೋಡಿ, ಅದನ್ನೇ ತಿರುಗಿ ಕೂಗಬೇಕು. ಬರೀ 'ಓಕೆ' ಅಂದರೆ ನಾನು ಕೈ ಹಾಕುವುದಿಲ್ಲ. ನಾಲ್ಕು ಬ್ಲೇಡ್, ಅಂದರೆ ಎರಡು ಸುತ್ತು, ತಿರುಗಿಸಿ ಪೆಟ್ರೋಲ್ ಒಳಗೆ ಎಳೆಸಿಕೊಳ್ಳುತ್ತೇನೆ. ಬ್ಲೇಡನ್ನು ಬೇಕಾದ ಜಾಗದಲ್ಲಿ ನಿಲ್ಲಿಸುತ್ತೇನೆ. ಹಿಂದೆ ಸರಿದು, "ಥ್ರಾಟಲ್ ಸೆಟ್, ಕಾಂಟ್ಯಾಕ್ಟ್!" ಅವರು ಥ್ರಾಟಲನ್ನು ಒಂಚೂರು ತೆರೆದು, "ಕಾಂಟ್ಯಾಕ್ಟ್" ಅಂದು, ಸ್ವಿಚ್ ಎತ್ತುತ್ತಾರೆ. ಎತ್ತಿದ್ದು ನನ್ನ ಕಣ್ಣಿಗೆ ಕಾಣಬೇಕು.

ಹೊಡೆತ ಹೇಗೆ ಅಂದರೆ, ಮುಂದೆ ನಿಂತು ನೋಡಿದರೆ ಈ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಈಗಿನ ಬಹುಪಾಲು ಸಣ್ಣ ವಿಮಾನಗಳಿಗೆ ಉಲ್ಟಾ. ಅಂಗೈ ಚಪ್ಪಟೆ ಇಟ್ಟು, ಬೆರಳಿನ ತುದಿಯಷ್ಟೇ ಬ್ಲೇಡಿನ ಅಂಚಿಗೆ ತಾಗಿಸಬೇಕು. ಬೆರಳು ಮಡಿಸಿ ಹಿಡಿದುಕೊಂಡರೆ ಎಂಜಿನ್ ಹಿಂದಕ್ಕೆ ಒದ್ದಾಗ ಬೆರಳೂ ಅದರ ಜೊತೆ ಹೋಗುತ್ತದೆ. ಕೆ.ಆರ್. ನಗರದ ಹತ್ತಿರ ದೊಡ್ಡಪ್ಪನ ಗದ್ದೆಯಲ್ಲಿ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹೊಡೆಯುವಾಗ ಅವರು ಬೈದಿದ್ದೂ ಇದಕ್ಕೇ: "ಹೆಬ್ಬೆಟ್ಟು ಸುತ್ತಬೇಡ ಕಣೋ, ಬೆರಳಿನ ಕಡೇಗೇ ಇಟ್ಕೊ." ಉಂಗುರ, ವಾಚು, ಮಫ್ಲರ್ ಯಾವುದೂ ಬೇಡ. ಕಾಲ ಕೆಳಗಿನ ಹುಲ್ಲು ಒದ್ದೆಯಾಗಿದ್ದರೆ ವಿಮಾನವನ್ನೇ ಒಣ ಜಾಗಕ್ಕೆ ತಳ್ಳಿಕೊಂಡು ಹೋಗುತ್ತೇವೆ. ಕೈ ಕೆಳಗಿಳಿಯುವಾಗಲೇ ಮೈ ಹಿಂದಕ್ಕೆ ಹೋಗಬೇಕು. ಇದನ್ನು ಕಲಿಸಿದ ಹಿರಿಯರು ಒಂದು ತಿಂಗಳು ನನ್ನನ್ನು ಪ್ಲಗ್ ಬಿಚ್ಚಿದ ಎಂಜಿನ್ನಿನಲ್ಲೇ ಅಭ್ಯಾಸ ಮಾಡಿಸಿದರು. ಆಗ ಬೇಜಾರಾಗಿತ್ತು.

ಟಕ್. ಒಂದು ಕೆಮ್ಮು. ಮತ್ತೆ ನಾಲ್ಕೂ ಸಿಲಿಂಡರ್ ಸೇರಿ ಡಬಡಬ ಅಂತ ಹಿಡಿದುಕೊಳ್ಳುತ್ತವೆ. ರಾತ್ರಿಯ ಆಯಿಲ್ ಸುಟ್ಟು ನೀಲಿ ಹೊಗೆ ಒಂದು ಮೋಡದಷ್ಟು ಬರುತ್ತದೆ. ಮೊದಲ ಸಲ ನೋಡಿದವರು ಬೆಂಕಿ ಅಂದುಕೊಳ್ಳುತ್ತಾರೆ.

ಹಿಡಿದುಕೊಳ್ಳದಿದ್ದರೆ? ಪೆಟ್ರೋಲ್ ಜಾಸ್ತಿಯಾಗಿದ್ದರೆ ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಂದಕ್ಕೆ ಏಳೆಂಟು ಬ್ಲೇಡ್ ತಿರುಗಿಸಿ ಹೊರಹಾಕಬೇಕು. ಆಮೇಲೆ ಥ್ರಾಟಲ್ ಮುಚ್ಚಬೇಕು. ಈ ಕೊನೆಯದನ್ನು ಒಬ್ಬರು ಮರೆತಿದ್ದರು. ನಾನು ಕೂಗಿ ಕೇಳಿದ್ದಕ್ಕೆ ಗೊತ್ತಾಯಿತು. ಇಲ್ಲದಿದ್ದರೆ ಪೂರ್ತಿ ಶಕ್ತಿಯಲ್ಲಿ ಶುರುವಾಗಿ ಚಾಕ್ ಹಾರಿ ಮೇಲೇ ಬರುತ್ತಿತ್ತು.

ಶುರುವಾದ ಮೇಲೆ ಮೊದಲು ನೋಡುವುದು ಆಯಿಲ್ ಪ್ರೆಷರ್. ಅರ್ಧ ನಿಮಿಷದಲ್ಲಿ ಮುಳ್ಳು ಏಳದಿದ್ದರೆ ಅಲ್ಲಿಗೇ ಬಂದ್. ಎದ್ದರೆ 800ರಿಂದ 1,000 ಸುತ್ತಿನಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡುವುದು. ನಮ್ಮದರಲ್ಲಿ ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಗೇಜೇ ಇಲ್ಲ, ಗಡಿಯಾರ ನೋಡಿಕೊಂಡು ಕಾಯಬೇಕು. ಆಮೇಲೆ ಜಾಯ್‌ಸ್ಟಿಕ್ ಹೊಟ್ಟೆಗೆ ಒತ್ತಿಕೊಂಡು, ಬಾಲದ ಮೇಲೆ ಒಬ್ಬರು ಒರಗಿ, 1,600 ಸುತ್ತಿಗೆ ಏರಿಸಿ ಒಂದೊಂದೇ ಮ್ಯಾಗ್ನೆಟೊ ಆಫ್ ಮಾಡಿ ನೋಡುವುದು. ಸುತ್ತು ಸ್ವಲ್ಪ ಇಳಿಯಬೇಕು. ನೂರಕ್ಕಿಂತ ಜಾಸ್ತಿ ಇಳಿದರೆ ಪ್ಲಗ್ ಕೊಳೆಯಾಗಿದೆ. ಒಂಚೂರೂ ಇಳಿಯದಿದ್ದರೆ ಹೊಸಬರು ಖುಷಿಪಡುತ್ತಾರೆ. ಖುಷಿಪಡಬಾರದು. ಸ್ವಿಚ್ ಒತ್ತಿದರೂ ಆ ಮ್ಯಾಗ್ನೆಟೊ ಆಫ್ ಆಗುತ್ತಿಲ್ಲ ಅಂತ ಅದು ಹೇಳುತ್ತಿರಬಹುದು.

ನನಗೆ ಇದು ಮೈಗೆ ತಾಗಿ ಅರ್ಥವಾದದ್ದು ಒಂದು ಆಗಸ್ಟ್ ಸಂಜೆ. ಹಾರಿ ಬಂದು ಎಂಜಿನ್ ನಿಲ್ಲಿಸಿಯಾಗಿತ್ತು. ನಿಲ್ಲಿಸುವ ಮುಂಚೆ ಎರಡೂ ಸ್ವಿಚ್ ಗಳಿಗೆಯ ಮಟ್ಟಿಗೆ ಆಫ್ ಮಾಡಿ, ಎಂಜಿನ್ ಸದ್ದು ಅಡಗುತ್ತದಾ ಅಂತ ನೋಡುತ್ತೇವೆ. ಡೆಡ್ ಕಟ್ ಅನ್ನುತ್ತಾರೆ. ಅದೂ ಸರಿಯಾಗೇ ಇತ್ತು. ಮುಚ್ಚಳ ತೆಗೆದು ಆಯಿಲ್ ಒರೆಸಿದೆ. ಮುಚ್ಚಿದೆ. ಶೆಡ್ಡಿಗೆ ತಳ್ಳುವ ಮೊದಲು ಬ್ಲೇಡ್ ಅಡ್ಡಕ್ಕೆ ಇರಲಿ ಅಂತ ಪ್ರೊಪೆಲ್ಲರ್ ಹಿಡಿದು ಸ್ವಲ್ಪ ಎಳೆದೆ. ಸ್ವಿಚ್ ಎರಡೂ ಕೆಳಗಿದ್ದವು, ನೋಡಿಯೇ ಎಳೆದದ್ದು.

ಟಕ್.

ಬ್ಲೇಡ್ ನನ್ನ ಕೈ ಬಿಡಿಸಿಕೊಂಡು ಹೋಯಿತು. ಒಂದೇ ಒಂದು ಒದೆತ, ಒಂದು ಸುತ್ತೂ ಪೂರ್ತಿ ಇಲ್ಲ. ಮತ್ತೆ ನಿಶ್ಶಬ್ದ. ಬೆರಳ ತುದಿ ಜುಮ್ ಅನ್ನುತ್ತಿತ್ತು, ಅಷ್ಟೇ. ಅಭ್ಯಾಸಬಲದಿಂದ ಚಪ್ಪಟೆ ಅಂಗೈಯಲ್ಲೇ ಹಿಡಿದಿದ್ದೆ, ಕಾಲೂ ಹಿಂದೆ ಇತ್ತು. ಒಂದು ತಿಂಗಳ ಬೇಜಾರು ಆವತ್ತು ವಸೂಲಾಯಿತು.

ಮುಚ್ಚಳ ಮತ್ತೆ ತೆಗೆದು ನೋಡಿದರೆ ಮ್ಯಾಗ್ನೆಟೊದ ಅರ್ಥ್ ವೈರು ಟರ್ಮಿನಲ್ ಹತ್ತಿರ ಕಡಿದಿತ್ತು. ಹಳೇ ಎಳೆಗಳು ಒಂದೊಂದಾಗಿ ಕಡಿಯುತ್ತ ಬಂದು, ಕೊನೆಯ ಎಳೆ ಬಟ್ಟೆಯಲ್ಲಿ ಒರೆಸುವಾಗ ಹೋಗಿರಬೇಕು. ಅಂದರೆ ಹತ್ತು ನಿಮಿಷದ ಹಿಂದೆ ಆಫ್ ಆಗಿದ್ದದ್ದನ್ನು ಆನ್ ಮಾಡಿದವನು ನಾನೇ. ನನಗೆ ಕಲಿಸಿದ ಹಿರಿಯರು ಆ ತುಂಡು ವೈರನ್ನು ಕತ್ತರಿಸಿ ನನ್ನ ಜೇಬಿಗೆ ಹಾಕಿದರು. ಏನೂ ಹೇಳಲಿಲ್ಲ. ಈಗ ವರ್ಷಕ್ಕೊಮ್ಮೆ ಎರಡೂ ಅರ್ಥ್ ವೈರು ಬದಲಾಯಿಸುತ್ತೇವೆ, ಚೆನ್ನಾಗಿದ್ದರೂ.

ನಿಲ್ಲಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಒಂದೆರಡು ನಿಮಿಷ ನಿಧಾನಕ್ಕೆ ಓಡಿಸಿ ತಣಿಸುವುದು, ಡೆಡ್ ಕಟ್ ನೋಡುವುದು, ಸ್ವಿಚ್ ಆಫ್. ನಿಲ್ಲುತ್ತಿರುವಾಗ ಥ್ರಾಟಲ್ ಪೂರ್ತಿ ತೆರೆಯುವುದು, ಬಿಸಿಗೆ ತಾನಾಗೇ ಮತ್ತೆ ಹೊತ್ತಿಕೊಳ್ಳದಿರಲಿ ಅಂತ. ನಿಂತ ಮೇಲೆ ಥ್ರಾಟಲ್ ಮುಚ್ಚುವುದು, ಪೆಟ್ರೋಲ್ ಆಫ್, ಚಾಕ್, ಕೆಳಗೆ ಆಯಿಲ್ ಟ್ರೇ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಪ್ರೊಪೆಲ್ಲರ್ ಹತ್ತಿರ ಬಿಡಲಿಲ್ಲ. ಆದರೆ ಟಿಕ್ಲರ್ ಎಳೆಯೋಕೆ ಕೊಟ್ಟೆವು. ತೊಟ್ಟಿಕ್ಕುವವರೆಗೂ ಹಿಡಿದು, ಬೆರಳು ಮೂಸಿ ನೋಡಿ, "ಇದೇನು ನಮ್ಮ ಪೆಟ್ರೋಲ್ ವಾಸನೆ ಅಲ್ಲ" ಅಂದರು. ಬೇಲಿಯಾಚೆ ಕುರ್ಚಿ ಹಾಕಿ ಕೂರಿಸಿದೆವು. ಎಂಜಿನ್ ಎರಡನೇ ಹೊಡೆತಕ್ಕೆ ಹಿಡಿಯಿತು. ಎಲ್ಲ ಮುಗಿದು ಚಹಾ ಕುಡಿಯುವಾಗ ಅಪ್ಪ ಹೇಳಿದ್ದು, "ಪರವಾಗಿಲ್ಲ. ಆದರೆ ನಮ್ಮ ಯೆಜ್ಡಿ ಒಂದೇ ಕಿಕ್ಕಿಗೆ ಬರ್ತಿತ್ತು."

ಶುದ್ಧ ಸುಳ್ಳು. ಅದನ್ನು ಬೀದಿ ತುಂಬ ತಳ್ಳಿದವನು ನಾನು.