ಮೊದಲ ಹತ್ತು ನಿಮಿಷದ ತಾಲೀಮು: ಮಕ್ಕಳ ಆನ್‌ಲೈನ್ ಸುರಕ್ಷತೆಯನ್ನು ಶಿಕ್ಷಕರಿಗೆ ಕಲಿಸಿದ ನನ್ನ ಅನುಭವ

ಪ್ರೌಢಶಾಲಾ ಶಿಕ್ಷಕರಿಗೆ ಮಕ್ಕಳ ಆನ್‌ಲೈನ್ ಸುರಕ್ಷತೆಯ ತರಬೇತಿಯನ್ನು ಭಾಷಣವಿಲ್ಲದೆ, ಮಗು ತೊಂದರೆ ಹೇಳಿಕೊಂಡ ಮೊದಲ ಹತ್ತು ನಿಮಿಷವನ್ನು ಪಾತ್ರ ವಹಿಸಿ ಆಡುವ ತಾಲೀಮಿನಿಂದಲೇ ಕೊಡಬಹುದು ಎಂದು ನಾನು ಹೇಳಿದಾಗ ತುಮಕೂರು ಜಿಲ್ಲೆಯ ನಮ್ಮ ಸಂಪನ್ಮೂಲ ವ್ಯಕ್ತಿಗಳ ಗುಂಪಿನಲ್ಲಿ ಒಪ್ಪಿದವರು ಇಬ್ಬರೋ ಮೂವರೋ ಇದ್ದರು. ಶಿಕ್ಷಕರನ್ನು ಎದುರುಬದುರು ಕೂರಿಸಿ ಮಾತನಾಡಿಸಿದರೆ ಅದು ನಾಟಕವಾಗುತ್ತದೆಯೇ ಹೊರತು ತರಬೇತಿಯಾಗುವುದಿಲ್ಲ ಎಂದು ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರು. ಹಣ ಕೊಡುವವರಿಗೆ ಎಷ್ಟು ಶಿಕ್ಷಕರು ಹಾಜರಿದ್ದರು ಎಂಬ ಸಂಖ್ಯೆ ಬೇಕು, ನಿಮ್ಮ ವಿಧಾನದಲ್ಲಿ ಆ ಸಂಖ್ಯೆ ಮೇಲೇರುವುದಿಲ್ಲ ಎಂದು ಮತ್ತೊಬ್ಬರು ಎಚ್ಚರಿಸಿದರು. ಸಂಖ್ಯೆಯ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಎರಡು ವರ್ಷ ಕಳೆದ ಮೇಲೆ, ಅಂದು ಆಕ್ಷೇಪಿಸಿದವರಲ್ಲೇ ಕೆಲವರು ತಮ್ಮ ತಾಲ್ಲೂಕಿಗೂ ಬಂದು ಮಾಡಿಕೊಡಿ ಎಂದು ಕರೆಯುತ್ತಿರುವುದರಿಂದ, ಏನು ಮಾಡಿದೆ, ಎಷ್ಟು ಖರ್ಚಾಯಿತು ಎಂಬುದನ್ನು ಬರೆದಿಡುವುದು ಒಳ್ಳೆಯದೆನಿಸಿತು. ಪೋಕ್ಸೊ ಕಾಯ್ದೆ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು), 1098 (ಮಕ್ಕಳ ಸಹಾಯವಾಣಿ), ಮಕ್ಕಳ ಕಲ್ಯಾಣ ಸಮಿತಿ ಇವೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತಿರುವುದರಿಂದ ಅವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ.

ಮೊದಲು ನಾವೂ ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದೆವು. ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸಭಾಂಗಣದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಕಾರ್ಯಾಗಾರ, ಎಂಬತ್ತು-ತೊಂಬತ್ತು ಶಿಕ್ಷಕರು, ಪ್ರೊಜೆಕ್ಟರ್, ಮಧ್ಯಾಹ್ನದ ಊಟ, ಕೊನೆಗೆ ಪ್ರಮಾಣಪತ್ರ. ಬಣ್ಣದ ಕೈಪಿಡಿಯ ಮುದ್ರಣಕ್ಕೇ ಸುಮಾರು 28,000 ರೂಪಾಯಿ ಹೋಗುತ್ತಿತ್ತು. ಊಟ, ಗೌರವಧನ, ಪ್ರಯಾಣಭತ್ಯೆ ಸೇರಿದರೆ ಒಂದು ದಿನಕ್ಕೆ 60,000 ದಾಟುತ್ತಿತ್ತು. ಕೊನೆಯಲ್ಲಿ ಕೊಡುತ್ತಿದ್ದ ಪ್ರಶ್ನೆಪತ್ರಿಕೆಯಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತಿದ್ದುದರಿಂದ, ತರಬೇತಿ ಫಲಿಸಿದೆ ಎಂದೇ ವರದಿ ಹೋಗುತ್ತಿತ್ತು.

ಮೂರು ತಿಂಗಳ ಬಳಿಕ ಅದೇ ಶಾಲೆಗಳಿಗೆ ಹೋಗಿ ಶಿಕ್ಷಕರನ್ನು ಮಾತನಾಡಿಸಿದಾಗ ಸ್ಥಿತಿ ಬೇರೆಯಿತ್ತು. ಕೈಪಿಡಿಗಳು ಮುಖ್ಯಶಿಕ್ಷಕರ ಬೀರುವಿನಲ್ಲಿ ಕಟ್ಟು ಬಿಚ್ಚದೆ ಕುಳಿತಿದ್ದವು. ಒಂದೆರಡು ಶಾಲೆಗಳ ಗೋಡೆಯ ಮೇಲೆ ಸೈಬರ್ ಸಹಾಯವಾಣಿಯೆಂದು ಹಳೆಯ 155260 ಸಂಖ್ಯೆಯೇ ಉಳಿದಿತ್ತು. ಅದರ ಬದಲಿಗೆ 1930 ಬಂದಿರುವುದು ತಿಳಿದವರು, ಮಗುವಿನ ಚಿತ್ರ ಹಂಚಿಕೆಯಾದರೂ ಅದೇ ಸಂಖ್ಯೆಗೆ ಕರೆ ಮಾಡಬೇಕೆಂದು ಭಾವಿಸಿದ್ದರು. ಅದು ಮುಖ್ಯವಾಗಿ ಹಣದ ವಂಚನೆಗೆಂದು ಇರುವ ಸಂಖ್ಯೆ, ಮಕ್ಕಳ ವಿಷಯಕ್ಕೆ 1098 ಅಥವಾ 112, ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿರುವ ಮಹಿಳೆಯರ ಮತ್ತು ಮಕ್ಕಳ ವಿಭಾಗ ಎಂಬುದನ್ನು ನಾವು ಕಾರ್ಯಾಗಾರದಲ್ಲಿ ಹೇಳಿಯೇ ಇದ್ದೆವು. ಹೇಳಿದ್ದು ನೆನಪಿನಲ್ಲಿ ನಿಂತಿರಲಿಲ್ಲ.

ನನ್ನ ಸ್ವಂತ ಅರ್ಹತೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಹೊಸಬರು ಮೊದಲು ಕೇಳುವುದೇ ಯಾವ ಕೋರ್ಸ್ ಮಾಡಬೇಕು ಎಂದು. ಈ ಕೆಲಸಕ್ಕೆಂದೇ ಕಡ್ಡಾಯವಾದ ಒಂದು ಪದವಿ ನಮ್ಮಲ್ಲಿಲ್ಲ. ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣದಲ್ಲಿ ಮಕ್ಕಳ ಹಕ್ಕುಗಳ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಮಾಡಿದೆ. ಕಲಮುಗಳನ್ನು ಮೂಲದಲ್ಲೇ ಓದುವ ಅಭ್ಯಾಸ ಬಂದದ್ದು ಅಲ್ಲಿಂದ. ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ನಿಮ್ಹಾನ್ಸ್‌ನ ಸಂವಾದ್ ತಂಡದ ತರಬೇತಿಯಲ್ಲಿ ಮಗುವಿನೊಡನೆ ಮಾತನಾಡುವ ರೀತಿಯನ್ನು ಕಲಿತೆ, ಇಂದಿಗೂ ನನ್ನ ಕೈಹಿಡಿದಿರುವುದು ಅದೇ. ಕೇಂದ್ರ ಸರ್ಕಾರದ ಮಾಹಿತಿ ಸುರಕ್ಷತಾ ಜಾಗೃತಿಯ ಐಎಸ್‌ಇಎ ಯೋಜನೆಯ ಉಚಿತ ಪಾಠಗಳು ತಾಂತ್ರಿಕ ಭಾಗಕ್ಕೆ ಸಾಕು. ಇವುಗಳ ನಡುವೆ ಖಾಸಗಿ ಸಂಸ್ಥೆಯೊಂದರ ಆನ್‌ಲೈನ್ ಕೋರ್ಸಿಗೆ 18,000 ರೂಪಾಯಿಯಷ್ಟು ಕಟ್ಟಿದೆ. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊಗಳು, ಕೊನೆಗೆ ಇಪ್ಪತ್ತು ಬಹುಆಯ್ಕೆ ಪ್ರಶ್ನೆಗಳು, ಹೊಳೆಯುವ ಪ್ರಮಾಣಪತ್ರ. ಅದರಲ್ಲಿ ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿಯ ಪ್ರಸ್ತಾಪವೇ ಇರಲಿಲ್ಲ. ಕೋರ್ಸಿಗೆ ಹಣ ಕಟ್ಟುವ ಮೊದಲು, ಎದುರಿಗೆ ಕೂತು ಅಭ್ಯಾಸ ಮಾಡಿಸುವ ಗಂಟೆಗಳು ಎಷ್ಟಿವೆ ಎಂದು ಕೇಳಿ. ಒಂದೂ ಇಲ್ಲವೆಂದರೆ ಆ ಹಣವನ್ನು ಬಸ್ಸಿಗೆ ಖರ್ಚು ಮಾಡಿ ಶಾಲೆಗಳಿಗೆ ಹೋಗುವುದೇ ಲೇಸು.

ಹಾಗೆ ಶಾಲೆಗಳನ್ನು ಸುತ್ತುವಾಗಲೇ ಒಂದು ವಿಷಯ ಸ್ಪಷ್ಟವಾಯಿತು. ಮಗು ಬಾಯಿ ಬಿಟ್ಟ ಮೊದಲ ಹತ್ತು ನಿಮಿಷಗಳಲ್ಲಿ ಶಿಕ್ಷಕರು ಏನು ಹೇಳುತ್ತಾರೆ, ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಹೀಗಾಗಿ ಉಳಿದೆಲ್ಲವನ್ನೂ ಕೈಬಿಟ್ಟು ಆ ಹತ್ತು ನಿಮಿಷವನ್ನಷ್ಟೇ ಕಲಿಸಲು ನಿರ್ಧರಿಸಿದೆ. ಶಾಲೆಯಲ್ಲೇ, ಶನಿವಾರ ಮಧ್ಯಾಹ್ನ, ಎಂಟರಿಂದ ಹನ್ನೆರಡು ಶಿಕ್ಷಕರು, ಎರಡೂವರೆ ಗಂಟೆ. ಒಬ್ಬರು ಮಗುವಾಗುತ್ತಾರೆ, ಒಬ್ಬರು ಶಿಕ್ಷಕರಾಗಿಯೇ ಉಳಿಯುತ್ತಾರೆ, ಮೂರನೆಯವರು ಕೇಳಿದ್ದನ್ನು ಬರೆದುಕೊಳ್ಳುತ್ತಾರೆ.

ಮೊದಲ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗುವಿನ ಪಾತ್ರದಲ್ಲಿದ್ದ ಶಿಕ್ಷಕಿ ತಲೆ ತಗ್ಗಿಸಿ, "ಮಿಸ್, ಇನ್‌ಸ್ಟಾಗ್ರಾಮಲ್ಲಿ ಒಬ್ರು ಪರಿಚಯ ಆಗಿದ್ರು. ಈಗ ನನ್ ಫೋಟೊ ಎಲ್ರಿಗೂ ಕಳಿಸ್ತೀನಿ ಅಂತಿದ್ದಾರೆ. ಅಮ್ಮಂಗೆ ಹೇಳ್ಬೇಡಿ ಮಿಸ್" ಎಂದರು. ಎದುರಿಗಿದ್ದವರು ಇಪ್ಪತ್ತು ವರ್ಷ ಅನುಭವದ, ಮಕ್ಕಳಿಗೆ ಅಚ್ಚುಮೆಚ್ಚಿನ ಶಿಕ್ಷಕಿ. ಅವರ ಬಾಯಿಂದ ಬಂದ ಮೊದಲ ಮಾತು, "ಅಯ್ಯೋ, ಫೋಟೊ ಯಾಕಮ್ಮ ಕಳಿಸ್ದೆ?" ಎರಡನೆಯದು, "ಆಯ್ತು, ಯಾರಿಗೂ ಹೇಳಲ್ಲ ಬಿಡು." ಮೂರನೆಯದು, "ಎಲ್ಲಿ, ಆ ಫೋಟೊ ತೋರ್ಸು, ನೋಡೋಣ." ಕರುಣೆಯಿಂದಲೇ ಆಡಿದ ಈ ಮೂರು ಮಾತುಗಳಲ್ಲಿ ಮೊದಲನೆಯದು ತಪ್ಪನ್ನು ಮಗುವಿನ ಮೇಲೆ ಹೊರಿಸಿತು. ಎರಡನೆಯದು ಕಾನೂನಿನ ಪ್ರಕಾರ ಉಳಿಸಿಕೊಳ್ಳಲಾಗದ ಮಾತು ಕೊಟ್ಟಿತು. ಮೂರನೆಯದು ಮಗುವನ್ನು ಇನ್ನೊಮ್ಮೆ ಅದೇ ಅವಮಾನಕ್ಕೆ ತಳ್ಳಿತು. ನಾನು ಹೋದ ಬಹುತೇಕ ಎಲ್ಲ ಶಾಲೆಗಳಲ್ಲೂ ಮೊದಲ ಸುತ್ತಿನಲ್ಲಿ ಈ ಮೂರೂ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬಂದಿವೆ. ಇವನ್ನು ಕಾರ್ಯಾಗಾರದ ಪರದೆಯ ಮೇಲೆ ತೋರಿಸಿದರೆ ಎಲ್ಲರೂ ಹೌದೆಂದು ತಲೆಯಾಡಿಸುತ್ತಾರೆ. ತಮ್ಮ ಬಾಯಿಂದಲೇ ಬಂದದ್ದನ್ನು ಮೂರನೆಯವರು ಓದಿ ಹೇಳಿದಾಗ ಮಾತ್ರ ಮನಸ್ಸಿಗೆ ತಟ್ಟುತ್ತದೆ.

ಆಮೇಲೆ ಅದೇ ಮಾತುಗಳ ಜಾಗದಲ್ಲಿ ಬೇರೆ ಮಾತು ಕೂರುವವರೆಗೆ ಮತ್ತೆ ಮತ್ತೆ ಆಡಿಸುತ್ತೇನೆ. "ನೀನು ಬಂದು ಹೇಳಿದ್ದು ಒಳ್ಳೇದಾಯ್ತು, ಮಗಳೇ." "ಇದರಲ್ಲಿ ನಿನ್ನ ತಪ್ಪಿಲ್ಲ." "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲೇ ತಿಳಿಸ್ತೀನಿ." ಗುಟ್ಟಾಗಿಡುತ್ತೇನೆಂದು ಮಾತು ಕೊಡುವಂತಿಲ್ಲ, ಏಕೆಂದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ. ಮೊದಲು ಶಾಲೆಯೊಳಗೆ ವಿಚಾರಣೆ ಮಾಡೋಣ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಕೇಳೋಣ ಎಂಬ ಮಾತು ತಾಲೀಮಿನಲ್ಲಿ ಬಂದ ಕೂಡಲೇ ಅಲ್ಲೇ ನಿಲ್ಲಿಸುತ್ತೇನೆ.

ಇಡೀ ತರಬೇತಿಯಲ್ಲಿ ನಾನು ಹಂಚುವ ಕಾಗದ ಒಂದೇ, ದಾಖಲೆಯ ಹಾಳೆ. ದಿನಾಂಕ ಮತ್ತು ವೇಳೆ, ಮಗು ಆಡಿದ ಮಾತು ಅದರದೇ ಪದಗಳಲ್ಲಿ, ಆ್ಯಪ್‌ನ ಹೆಸರು, ಎದುರಿನವರ ಖಾತೆಯ ಹೆಸರು ಅಕ್ಷರ ಬಿಡದಂತೆ, ಕೊಂಡಿ ಇದ್ದರೆ ಅದು, ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಲಾಯಿತು ಎಂಬುದು. ಶಿಕ್ಷಕರ ಅಭಿಪ್ರಾಯಕ್ಕೆ ಕಾಲಂ ಇಲ್ಲ, ಚಿತ್ರ ಅಂಟಿಸಲು ಜಾಗವಿಲ್ಲ. ಹಿಂದೆ ಕೆಲವು ತರಬೇತಿಗಳಲ್ಲಿ ಸಾಕ್ಷಿಗಾಗಿ ಸ್ಕ್ರೀನ್‌ಶಾಟ್ ತೆಗೆದು ಮುಖ್ಯಶಿಕ್ಷಕರಿಗೆ ವಾಟ್ಸ್‌ಆ್ಯಪ್ ಮಾಡಿ ಎಂದು ಹೇಳಿಕೊಡುತ್ತಿದ್ದರು. ಬೆದರಿಕೆಯ ಸಂದೇಶಕ್ಕೆ ಸ್ಕ್ರೀನ್‌ಶಾಟ್ ಸರಿ, ಮಗುವಿನ ನಗ್ನ ಚಿತ್ರಕ್ಕೆ ಅದು ಸಲ್ಲದು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದನ್ನು ಅಪರಾಧವೆನ್ನುವ ಐಟಿ ಕಾಯ್ದೆಯ 67ಬಿ ಕಲಮು ಮೊದಲೇ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಥ ಚಿತ್ರಗಳನ್ನು ಇಟ್ಟುಕೊಳ್ಳುವುದರ ಕುರಿತಾದ ಪೋಕ್ಸೊದ 15ನೇ ಕಲಮನ್ನು ಬಿಗಿಯಾಗಿ ವ್ಯಾಖ್ಯಾನಿಸಿದ ಮೇಲಂತೂ ಅಂಥದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಉದ್ದೇಶದ ಶಿಕ್ಷಕರಿಗೂ ಅಪಾಯ. ಚಿತ್ರ ಮಗುವಿನ ಫೋನಿನಲ್ಲೇ ಇರಲಿ, ಫೋನು ಪೊಲೀಸರ ಕೈಗೆ ಹೋಗುವವರೆಗೆ ಯಾವುದನ್ನೂ ಅಳಿಸಬೇಡಿ, ಕಳಿಸಬೇಡಿ ಎಂಬುದನ್ನು ಬಾಯಿಪಾಠವಾಗುವಷ್ಟು ಸಲ ಹೇಳಿಸುತ್ತೇನೆ.

ಚಿತ್ರ ಹರಡದಂತೆ ತಡೆಯಲು ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಸೇವೆಯನ್ನು ಹಳೆಯ ಫೋನಿನಲ್ಲಿ ತೋರಿಸುತ್ತೇನೆ. ಇದಕ್ಕೆಂದು ಎರಡು ಬಳಸಿದ ಫೋನುಗಳನ್ನು ಸುಮಾರು 7,000 ರೂಪಾಯಿಗೆ ಕೊಂಡಿದ್ದೇನೆ. ತೋರಿಸಲು ಬಳಸುವುದು ಯಾವುದೋ ಹೂವಿನ ಚಿತ್ರ. ಚಿತ್ರ ಫೋನಿನಿಂದ ಆಚೆ ಹೋಗುವುದಿಲ್ಲ, ತಾಣಗಳು ಅದನ್ನು ಗುರುತಿಸಿ ತಡೆಯಲು ಬೇಕಾದ ಸಂಕೇತವಷ್ಟೇ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಶಿಕ್ಷಕರ ಅಳುಕು ಕಡಿಮೆಯಾಗುತ್ತದೆ. ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂದೇಶಗಳಿಗೆ ಇದು ತಾಗುವುದಿಲ್ಲ, ಸೇವೆಗೆ ಸೇರಿರುವ ತಾಣಗಳಲ್ಲಷ್ಟೇ ನಡೆಯುತ್ತದೆ ಎಂಬುದನ್ನೂ ಹೇಳುತ್ತೇನೆ. ದೂರು ದಾಖಲಾದ ಮೇಲೆ, ತನಿಖಾಧಿಕಾರಿಯನ್ನು ಕೇಳಿಕೊಂಡು, ಮಗುವಿನ ಫೋನಿನಲ್ಲೇ ಇದನ್ನು ಮಾಡಬೇಕು.

ತಾಲೀಮಿಗೆ ಬಳಸುವ ಸನ್ನಿವೇಶಗಳು ನನ್ನ ಬಳಿ ಇಪ್ಪತ್ತರ ಆಸುಪಾಸು ಇವೆ. ಮೇಲಿನದೊಂದನ್ನು ಬಿಟ್ಟು ಉಳಿದವನ್ನು ಇಲ್ಲಿ ಬರೆಯುವುದಿಲ್ಲ. ಶಿಕ್ಷಕರು ಮೊದಲೇ ಓದಿಕೊಂಡು ಬಂದರೆ ಉತ್ತರ ಒಪ್ಪಿಸುತ್ತಾರೆಯೇ ವಿನಾ ಕಲಿಯುವುದಿಲ್ಲ. ಮರುಭೇಟಿಯಲ್ಲಿ ಮುನ್ಸೂಚನೆ ಕೊಡದೆ ಸನ್ನಿವೇಶವನ್ನು ಹೇಗೆ ಎದುರಿಗಿಡುತ್ತೇನೆ ಎಂಬುದನ್ನೂ ಹೇಳಲಾರೆ, ನನ್ನ ಅಳತೆಗೋಲು ಅದೇ ಆಗಿರುವುದರಿಂದ. ಮಕ್ಕಳನ್ನು ಮಗುವಿನ ಪಾತ್ರಕ್ಕೆ ಎಂದೂ ಬಳಸುವುದಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ನಡುವೆ ಬೇರೆ ಎರಡು ಪ್ರಯೋಗಗಳನ್ನೂ ಮಾಡಿದೆ. ಮೊದಲನೆಯದು ತಾಯಂದಿರೊಂದಿಗೆ. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಮಕ್ಕಳು ಬಳಸುವುದು ಅಮ್ಮನ ಫೋನು, ಅಮ್ಮನದೇ ಖಾತೆ. ಹದಿಹರೆಯದವರಿಗೆಂದು ಕಂಪನಿಗಳು ಇಟ್ಟಿರುವ ರಕ್ಷಣೆಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆ ಖಾತೆಯಲ್ಲಿ ದಾಖಲಾಗಿರುವ ವಯಸ್ಸು ಮೂವತ್ತೆಂಟೋ ನಲವತ್ತೋ ಆಗಿರುತ್ತದೆ. ಪೋಷಕರ ಸಭೆಯಲ್ಲಿ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಒಂದೊಂದೇ ಸೆಟ್ಟಿಂಗ್ ಹೇಳಿಕೊಟ್ಟೆವು. ತಿಂಗಳೊಳಗೆ ಮುಕ್ಕಾಲು ಪಾಲು ಫೋನುಗಳಲ್ಲಿ ಎಲ್ಲವೂ ಹಿಂದಿನಂತಾಗಿತ್ತು. ಅಮ್ಮನ ಪ್ಯಾಟರ್ನ್ ಮಕ್ಕಳಿಗೆ ಗೊತ್ತಿತ್ತು. ಅದರಲ್ಲಿ ಉಳಿದದ್ದು ಒಂದೇ ಅಂಶ: ರಾತ್ರಿ ಫೋನು ಮಲಗುವ ಕೋಣೆಯಲ್ಲಿರದೆ ನಡುಮನೆಯಲ್ಲಿ ಚಾರ್ಜಿಗಿರಬೇಕು ಎಂಬುದನ್ನು ಕೆಲವು ಮನೆಗಳು ಇಂದಿಗೂ ಪಾಲಿಸುತ್ತಿವೆ.

ಎರಡನೆಯದು ಪ್ರಶ್ನೆಪೆಟ್ಟಿಗೆ. ಶಾಲೆಯ ದೂರುಪೆಟ್ಟಿಗೆ ಖಾಲಿಯಿರುವುದು ಎಲ್ಲರಿಗೂ ಗೊತ್ತು, ಚೀಟಿ ಹಾಕಲು ಹೋದ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ವಾರಕ್ಕೊಮ್ಮೆ ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಟಿ ಕೊಟ್ಟು, ಬರೆಯುವುದಿದ್ದವರು ಬರೆದು, ಇಲ್ಲದವರು ತಮ್ಮ ಇಷ್ಟದ ತಿಂಡಿಯ ಹೆಸರು ಬರೆದು, ಎಲ್ಲರೂ ಹಾಕಲೇಬೇಕು ಎಂದು ಮಾಡಿಸಿದೆ. ಮೊದಲು ಬರೆಯುವುದಿಲ್ಲದವರಿಂದ ಖಾಲಿ ಚೀಟಿ ಹಾಕಿಸಿದಾಗ ಪೆನ್ನು ಹಿಡಿದವರು ಯಾರೆಂದು ಪಕ್ಕದವರಿಗೆ ತಿಳಿಯುತ್ತಿತ್ತು, ತಿಂಡಿಯ ಹೆಸರು ಆ ತೊಂದರೆಯನ್ನು ನೀಗಿಸಿತು. ಇಡ್ಲಿ, ಪುಳಿಯೋಗರೆಗಳ ನಡುವೆ ಒಂದೊಂದು ಚೀಟಿಯಲ್ಲಿ ನಿಜವಾದ ಪ್ರಶ್ನೆ ಬರತೊಡಗಿತು. ಚೀಟಿಗಳನ್ನು ಓದುವವರು ತಾಲೀಮು ಮುಗಿಸಿದ ಶಿಕ್ಷಕರೇ ಆಗಿರಬೇಕು, ಇಲ್ಲದಿದ್ದರೆ ಪೆಟ್ಟಿಗೆ ಇಡದಿರುವುದೇ ಮೇಲು.

ಈಗ ಲೆಕ್ಕಕ್ಕೆ ಬರುತ್ತೇನೆ. ತಾಲೀಮಿಗೆ ಮೊದಲು ಹತ್ತು ಶಿಕ್ಷಕರಲ್ಲಿ ಒಬ್ಬಿಬ್ಬರು ಮಾತ್ರ 'ಯಾಕೆ' ಎಂದು ಕೇಳದೆ ಮಾತು ಆರಂಭಿಸುತ್ತಿದ್ದರು. ನಾಲ್ಕೈದು ತಿಂಗಳ ನಂತರದ ಮರುಭೇಟಿಯಲ್ಲಿ ಏಳೆಂಟು ಮಂದಿ ಸರಿಯಾಗಿ ನಡೆಸಿದರು, ಹಾಳೆಯನ್ನು ತಪ್ಪಿಲ್ಲದೆ ತುಂಬಿದವರು ಆರು ಮಂದಿಯಾದರೂ ಇದ್ದರು. ಬಸ್ಸು, ಜೆರಾಕ್ಸ್, ಚಹಾ, ಮಂಡಕ್ಕಿ ಸೇರಿ ಒಂದು ಶಾಲೆಗೆ 1,200ರಿಂದ 1,500 ರೂಪಾಯಿ, ಮರುಭೇಟಿಗೆ ಇನ್ನೊಂದು 600. ಹಿಂದಿನ ಒಂದು ಕಾರ್ಯಾಗಾರದ ಹಣದಲ್ಲಿ ಸುಮಾರು ಮೂವತ್ತು ಶಾಲೆಗಳನ್ನು ಮುಗಿಸಬಹುದು. ನನ್ನ ಗೌರವಧನವನ್ನು ಇದರಲ್ಲಿ ಸೇರಿಸಿಲ್ಲ. ಮೊದಲ ವರ್ಷ ನಾನು ಅದನ್ನು ತೆಗೆದುಕೊಳ್ಳಲೂ ಇಲ್ಲ, ಪುರಾವೆ ಇಲ್ಲದೆ ಯಾರೂ ಕೊಡುವಂತಿರಲಿಲ್ಲ.

ಪುರಾವೆ ಸಿಕ್ಕಿದ್ದು ಒಂದು ಶಾಲೆಯಿಂದ. ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸದಂತೆ ಪೋಕ್ಸೊದ 23ನೇ ಕಲಮು ತಡೆಯುವುದರಿಂದ ಊರು, ತರಗತಿ, ಸಮಯ ಯಾವುದನ್ನೂ ಹೇಳುವುದಿಲ್ಲ. ಮಗು ಹೇಳಿದ ದಿನವೇ ಸಂಜೆಯೊಳಗೆ ಮಾಹಿತಿ ಪೊಲೀಸರಿಗೆ ತಲುಪಿತ್ತು. ಹಾಳೆಯಲ್ಲಿ ಎದುರಿನವನ ಖಾತೆಯ ಹೆಸರು ಚುಕ್ಕಿ, ಅಡಿಗೆರೆ ಸಮೇತ ಇದ್ದುದರಿಂದ ತನಿಖೆಯವರು ಅದಕ್ಕಾಗಿ ಮಗುವನ್ನು ಮತ್ತೆ ಕೇಳಬೇಕಾಗಲಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೊಬ್ಬರು ಸಮವಸ್ತ್ರವಿಲ್ಲದೆ ಮನೆಗೇ ಹೋಗಿ ಪಡೆದರು. ಹಾಗೆ ಮಾಡಬೇಕೆಂದು 24ನೇ ಕಲಮಿನಲ್ಲಿದೆ ಎಂಬುದನ್ನು ಶಿಕ್ಷಕಿಯೇ ನೆನಪಿಸಿದ್ದರು. ಮಗು ಒಂದು ವಾರವೂ ಶಾಲೆ ತಪ್ಪಿಸಲಿಲ್ಲ. ಈ ಕೆಲಸದಲ್ಲಿ ಕಳೆದ ವರ್ಷಗಳಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಸುದ್ದಿ ಬೇರೊಂದಿಲ್ಲ.

ಬಾಕಿ ಉಳಿದಿರುವ ತೊಡಕುಗಳು ಎರಡು. ಶಿಕ್ಷಕರ ವರ್ಗಾವಣೆಯಾದಾಗ ತಾಲೀಮು ಪಡೆದವರು ಹೊರಟುಹೋಗುತ್ತಾರೆ, ಆದ್ದರಿಂದ ಪ್ರತಿ ಶಾಲೆಯಲ್ಲಿ ಕನಿಷ್ಠ ಇಬ್ಬರಿಗೆ ತಾಲೀಮು ನಡೆಸುವುದನ್ನೇ ಕಲಿಸುತ್ತಿದ್ದೇನೆ. ಅದಕ್ಕೆ ಇನ್ನೂ ಎರಡು ಶನಿವಾರಗಳು ಬೇಕು. ಇನ್ನೊಂದು ವಿದ್ಯಾರ್ಥಿನಿಲಯಗಳದು. ಮಕ್ಕಳು ಬಾಯಿ ಬಿಡುವುದು ಹೆಚ್ಚಾಗಿ ರಾತ್ರಿ ಊಟದ ಬಳಿಕ, ಅದೂ ಅಡುಗೆಯವರ ಹತ್ತಿರ ಅಥವಾ ಕಾವಲುಗಾರರ ಹತ್ತಿರ. ಅವರಲ್ಲಿ ಹಲವರಿಗೆ ಹಾಳೆ ತುಂಬುವಷ್ಟು ಬರೆಯಲು ಬರುವುದಿಲ್ಲ. ಅವರಿಗಾಗಿ ಬರವಣಿಗೆಯಿಲ್ಲದ, ನಾಲ್ಕೇ ಮಾತುಗಳ ತಾಲೀಮೊಂದನ್ನು ಈ ಜೂನ್‌ನಿಂದ ಎರಡು ನಿಲಯಗಳಲ್ಲಿ ಆರಂಭಿಸಿದ್ದೇನೆ. ಮರುಭೇಟಿ ಆಗುವವರೆಗೆ ಅದರ ಅಂಕಿಗಳನ್ನು ಯಾರಿಗೂ ಕೊಡುವುದಿಲ್ಲ.